ಅಜ್ಜಿ ತೊಡೆ ಮೇಲಿದ್ದ ಮಗು ಜಾರಿ ಬಿತ್ತು, ಈಗ ಕಾರ್ ಸೀಟ್ ತರ್ತೀನಿ ಅಂದ್ರೆ ಮನೇಲಿ ರಾದ್ಧಾಂತ

ಗುಬ್ಬಿಮರಿ ಅಪ್ಪ
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರಿಲ್ದೆ ಓದಿ. ಹೋದ ಭಾನುವಾರ ಬೆಂಗಳೂರಿಂದ ತಿಪಟೂರಿಗೆ ಹೊರಟಿದ್ವಿ. ನಾನು ಡ್ರೈವಿಂಗ್, ಪಕ್ಕದಲ್ಲಿ ಅಪ್ಪ, ಹಿಂದೆ ಹೆಂಡ್ತಿ ಮತ್ತೆ ನಮ್ಮಮ್ಮ, ಅಮ್ಮನ ತೊಡೆ ಮೇಲೆ ಮಗಳು. ಹನ್ನೊಂದು ತಿಂಗಳು, ಒಂಬತ್ತು ಕೆಜಿ. ಗುಬ್ಬಿ ದಾಟಿ ಸ್ವಲ್ಪ ದೂರ ಹೋಗಿದ್ವಿ ಅಷ್ಟೇ, ಪಕ್ಕದ ಮಣ್ಣು ರಸ್ತೆಯಿಂದ ಒಂದು ಟ್ರ್ಯಾಕ್ಟರ್ ಸೀದಾ ಮೇನ್ ರೋಡಿಗೆ ನುಗ್ಗಿಬಿಡ್ತು, ಹಿಂದೆ ಮುಂದೆ ನೋಡೋದಿಲ್ಲ ಏನಿಲ್ಲ. ನಾನು 60ರಲ್ಲಿದ್ದೆ, ಬ್ರೇಕ್ ಮೇಲೆ ಎದ್ದು ನಿಂತೆ ಅನ್ನಬೇಕು. ಡಿಕ್ಕಿ ಆಗ್ಲಿಲ್ಲ. ಆದ್ರೆ ಹಿಂದಿಂದ ಠಪ್ ಅಂತ ಒಂದು ಸದ್ದು ಬಂತು, ಆಮೇಲೆ ಒಂದೆರಡು ಸೆಕೆಂಡ್ ಏನೂ ಸದ್ದಿಲ್ಲ, ಆಮೇಲೆ ಮಗು ಅತ್ತಳು. ಆ ಎರಡು ಸೆಕೆಂಡ್ ಇನ್ನೂ ನನ್ನ ಕಿವಿಲೇ ಇದೆ.

ಮುಂದಿನ ಸೀಟಿನ ಬೆನ್ನಿಗಿರೋ ಪ್ಲಾಸ್ಟಿಕ್‌ಗೆ ಹಣೆ ತಗುಲಿ ನೆಲ್ಲಿಕಾಯಿ ಗಾತ್ರ ಊದಿಕೊಳ್ತು. ತಿಪಟೂರಲ್ಲಿ ಡಾಕ್ಟ್ರು ನೋಡಿ, ಅರ್ಧ ದಿನ ಇಟ್ಕೊಂಡು, ಏನೂ ಇಲ್ಲ ಹೋಗಿ ಅಂದ್ರು, ದೇವ್ರು ದೊಡ್ಡೋನು. ಅಮ್ಮ ಮಾತ್ರ ಎರಡು ದಿನ ಊಟ ಬಿಟ್ಟು ಕೂತ್ರು. "ಗಟ್ಟಿಯಾಗೇ ಹಿಡ್ಕೊಂಡಿದ್ದೆ ಕಣೋ, ಹೇಗೆ ಜಾರಿದ್ಳೋ ಗೊತ್ತಿಲ್ಲ" ಅಂತ ಅದೇ ಮಾತು. ಹಾಗಂತ ಕಾರ್ ಸೀಟ್ ತರ್ತೀನಿ ಅಂದ್ರೆ ಅದೇ ಅಮ್ಮ "ಮಗೂನ ಕರು ಥರ ಗೂಟಕ್ಕೆ ಕಟ್ತೀಯಾ" ಅಂತಾರೆ, ಅಪ್ಪ "ಹತ್ತು ಸಾವಿರ ದಂಡ, ವರ್ಷದಲ್ಲಿ ಅಟ್ಟಕ್ಕೆ ಹೋಗುತ್ತೆ" ಅಂತಾರೆ. ನಮ್ಮದು 2016ರ ಸಣ್ಣ ಹ್ಯಾಚ್‌ಬ್ಯಾಕ್. ಯಾವ ಥರದ್ದು ತಗೋಬೇಕು, ಹೇಗೆ ಫಿಟ್ ಮಾಡೋದು, ಅದಕ್ಕಿಂತ ಮುಖ್ಯ ಇವ್ರನ್ನ ಹೇಗೆ ಒಪ್ಪಿಸೋದು?

ಚಾಕ್‌ಪೀಸ್ ಮೇಷ್ಟ್ರು
ಮೊದಲು ನಿಮ್ಮ ತಾಯಿಯವರಿಗೆ ಹೇಳಿ, ತಪ್ಪು ಅವರದ್ದಲ್ಲ, ಅವರ ಕೈಯಲ್ಲಿ ಆಗೋ ಕೆಲಸಾನೇ ಅದಲ್ಲ. ಹೈಸ್ಕೂಲ್ ಫಿಸಿಕ್ಸ್ ಸಾಕು ಇದಕ್ಕೆ. ನೀವು ಹಾಕಿದ್ದು ಬರೀ ಬ್ರೇಕ್, ಎಷ್ಟೇ ಜೋರಾಗಿ ಒತ್ತಿದ್ರೂ ಒಂಬತ್ತು ಕೆಜಿ ಮಗು ಏಳೆಂಟು ಕೆಜಿ ತೂಕದಷ್ಟು ಮುಂದಕ್ಕೆ ಎಳೆದಿರುತ್ತೆ. ಅಷ್ಟನ್ನೂ ಹಿಡಿಯೋಕೆ ಆಗ್ಲಿಲ್ಲ, ಯಾಕಂದ್ರೆ ಬರುತ್ತೆ ಅಂತ ಗೊತ್ತಿರ್ಲಿಲ್ಲ. ಈಗ 50 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದಿತು ಅಂತ ಇಟ್ಕೊಳ್ಳಿ, ಕಾರಿನ ಮೂತಿ ಅರ್ಧ ಮೀಟರ್ ನುಜ್ಜಾಗಿ ಗಾಡಿ ನಿಲ್ಲುತ್ತೆ. ಲೆಕ್ಕ ಹಾಕಿದ್ರೆ ಗುರುತ್ವದ ಸುಮಾರು 20 ಪಟ್ಟು. 9 ಇಂಟು 20, ಹತ್ತತ್ರ 180 ಕೆಜಿ. ಮೂರೂವರೆ ಮೂಟೆ ಸಿಮೆಂಟ್ ಸ್ವಾಮಿ. ಇದೆಲ್ಲ ಮುಗಿಯೋಕೆ ಸೆಕೆಂಡಿನ ಹತ್ತರಲ್ಲಿ ಒಂದು ಭಾಗ ಕೂಡ ಬೇಕಾಗಲ್ಲ, ಪೈಲ್ವಾನ್ ಆದ್ರೂ ಕೈ ಬಿಗಿ ಮಾಡೋಷ್ಟರಲ್ಲಿ ಕತೆ ಮುಗಿದಿರುತ್ತೆ.

ಇನ್ನೊಂದು ಥರ ಹೇಳ್ತೀನಿ, ನನ್ನ ಕ್ಲಾಸಲ್ಲಿ ಇದೇ ಕೆಲಸ ಮಾಡೋದು. 50ರ ವೇಗ ಅಂದ್ರೆ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಾಗ ನೆಲ ಮುಟ್ಟೋ ವೇಗ. ಮೂರನೇ ಮಹಡಿ ಬಾಲ್ಕನಿಲಿ ಕಟಕಟೆ ಇಲ್ದೆ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಅಂಚಿಗೆ ಕೂರ್ತಾರಾ ನಿಮ್ಮ ತಂದೆ? ಕೇಳಿ ನೋಡಿ.

ಕೆಂಪು ಅಂಬಾಸಿಡರ್
ಲೆಕ್ಕ ಎಲ್ಲ ಸರಿ ಮೇಷ್ಟ್ರೇ, ಆದ್ರೆ ನಾವು ಒಂದೇ ಅಂಬಾಸಿಡರ್‌ನಲ್ಲಿ ದೊಡ್ಡೋರು ಆರು ಜನ, ಮಕ್ಕಳು ಐದು, ಡಿಕ್ಕಿ ತುಂಬ ಚಕ್ಕುಲಿ ಡಬ್ಬ, ಹಾಸನದಿಂದ ಧರ್ಮಸ್ಥಳಕ್ಕೆ ಹೋಗಿ ಬಂದೋರು. ಬೆಲ್ಟ್ ಅಂದ್ರೆ ಪ್ಯಾಂಟಿಗೆ ಹಾಕೋದು ಅಂತಷ್ಟೇ ಗೊತ್ತಿತ್ತು. ಬದುಕಿಲ್ವಾ? ಈಗಿನೋರಿಗೆ ಮಗು ಹುಟ್ಟಿದ ತಕ್ಷಣ ಪಟ್ಟಿ ಹಿಡಿದು ಅಂಗಡಿಗೆ ಓಡೋ ಚಟ. ಎಲ್ಲ ಮಾರೋರ ಕಿತಾಪತಿ.

ನೈಟ್ ಡ್ಯೂಟಿ ಸಿಸ್ಟರ್
ಅಂಬಾಸಿಡರ್ ಸರ್, ಬದುಕಿದೋರು ಇಲ್ಲಿ ಬಂದು ಬರೀತಾರೆ. ಬದುಕದೆ ಹೋದೋರು ಬರೆಯಲ್ಲ. ಇಷ್ಟೇ ವ್ಯತ್ಯಾಸ.

ನಾನು ಹೈವೇ ಪಕ್ಕದ ಒಂದು ಆಸ್ಪತ್ರೇಲಿ ಕ್ಯಾಶುಯಲ್ಟಿ ನೋಡಿದೋಳು, ಊರು ಹೆಸರು ಬೇಡ. ತೊಡೆ ಮೇಲಿದ್ದ ಕೂಸುಗಳಿಗೆ ಪೆಟ್ಟು ಬೀಳೋದು ಹೆಚ್ಚಾಗಿ ತಲೆಗೇ, ಯಾಕಂದ್ರೆ ಹುಟ್ಟಿದ ಮಗೂಗೆ ತಲೆ ಅನ್ನೋದು ಮೈ ಉದ್ದದ ಕಾಲು ಭಾಗ ಇರುತ್ತೆ, ತಲೆ ಭಾರಕ್ಕೆ ಅದೇ ಮೊದಲು ಹೋಗಿ ಗುದ್ದುತ್ತೆ. ಕತ್ತಿನ ಮೂಳೆ ಇನ್ನೂ ಪೂರ್ತಿ ಮೂಳೆ ಆಗಿರಲ್ಲ, ಸುಮಾರು ಭಾಗ ಮೆದು, ಸಂದು ಸಡಿಲ. ಅದಕ್ಕೇ ಚಿಕ್ಕ ಮಕ್ಕಳನ್ನ ಹಿಂದಕ್ಕೆ ಮುಖ ಮಾಡಿ ಕೂರಿಸಬೇಕು ಅನ್ನೋದು. ಎದುರಿಂದ ಗುದ್ದಿದಾಗ ತಲೆ, ಕತ್ತು, ಬೆನ್ನು ಮೂರೂ ಒಟ್ಟಿಗೆ ಸೀಟಿನ ಒರಗಿಗೆ ಒತ್ತಿಕೊಳ್ಳುತ್ತೆ, ಪೆಟ್ಟು ಹಂಚಿ ಹೋಗುತ್ತೆ. ಮುಂದಕ್ಕೆ ಮುಖ ಮಾಡಿದ್ರೆ ಮೈ ಬೆಲ್ಟಲ್ಲಿ ನಿಲ್ಲುತ್ತೆ, ತಲೆ ಮಾತ್ರ ಕತ್ತಿನ ಮೇಲೆ ಜೋತು ಮುಂದಕ್ಕೆ ಎಳೆಯುತ್ತೆ.

ಐದಾರು ವರ್ಷದೋರದ್ದು ಬೇರೆ ಥರ. ದೊಡ್ಡೋರ ಬೆಲ್ಟ್ ಹಾಕಿರ್ತಾರೆ, ಹಾಕಿದ್ದು ಒಳ್ಳೇದೇ, ಆದ್ರೆ ಸೊಂಟದ ಮೂಳೆ ಅಷ್ಟು ಬೆಳೆದಿರಲ್ಲ, ಬೆಲ್ಟ್ ಜಾರಿ ಹೊಟ್ಟೆ ಮೇಲೆ ಬರುತ್ತೆ. ಒಬ್ಬ ಹುಡುಗ ಬಂದಿದ್ದ, ಆರು ವರ್ಷ ಇರಬೇಕು, ನಡ್ಕೊಂಡೇ ಬಂದ, "ಆಂಟಿ ನೀರು" ಅಂತ ಕೇಳಿದ. ಅಂಗಿ ಎತ್ತಿದ್ರೆ ಹೊಕ್ಕಳ ಕೆಳಗೆ ಈ ಕಡೆಯಿಂದ ಆ ಕಡೆಗೆ ಎರಡು ಬೆರಳು ಅಗಲ ನೇರಳೆ ಬಣ್ಣದ ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ನಮ್ಮ ಸರ್ಜನ್ ಅವನಿಗೆ ನೀರು ಕೊಡಬೇಡಿ ಅಂದ್ರು, ಮನೆಯವರು ಗಲಾಟೆ ಮಾಡಿದ್ರು, ಚೆನ್ನಾಗೇ ಇದಾನಲ್ಲ ಅಂತ. ಸಾಯಂಕಾಲಕ್ಕೆ ಹೊಟ್ಟೆ ಹಲಗೆ ಆಯ್ತು. ಕರುಳು ಹರಿದಿತ್ತು. ಆಪರೇಷನ್ ಆಗಿ ಹುಷಾರಾದ. ಹೊಟ್ಟೆ ಮೇಲೆ ಆ ಗುರುತು ಕಂಡ್ರೆ ಮಗು ಎಷ್ಟೇ ಆಡ್ತಿದ್ರೂ ಮನೆಗೆ ಕರ್ಕೊಂಡು ಹೋಗಬೇಡಿ, ಒಳಗೆ ಕರುಳಿಗೆ ಆಗಿರಬಹುದು, ಬೆನ್ನುಮೂಳೆಗೂ ಆಗಿರಬಹುದು.

ಗುಬ್ಬಿಮರಿ ಅಪ್ಪ, ನಿಮ್ಮ ಮಗಳು ಪದೇ ಪದೇ ವಾಂತಿ ಮಾಡಿದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದೆ ಇದ್ರೆ, ನೆತ್ತಿ ಉಬ್ಬಿದ್ರೆ ಮತ್ತೆ ತೋರಿಸಿ, ಕಾಯಬೇಡಿ.

ಗುಬ್ಬಿಮರಿ ಅಪ್ಪ
ಸಿಸ್ಟರ್, ಚೆನ್ನಾಗಿದಾಳೆ, ಈಗ ನನ್ನ ಕನ್ನಡಕ ಕಿತ್ತು ಬಾಯಿಗಿಟ್ಕೊಂಡಿದಾಳೆ. ನಿಮ್ಮ ಪೋಸ್ಟ್ ಅಮ್ಮಂಗೆ ಓದಿ ಹೇಳ್ದೆ, ಸುಮ್ನೆ ಎದ್ದು ಅಡುಗೆಮನೆಗೆ ಹೋದ್ರು.

ಸ್ಪ್ಯಾನರ್ ಸೀನ
ಫಿಟ್ಟಿಂಗ್ ವಿಷ್ಯ ನಾನು ಹೇಳ್ತೀನಿ, ದಿನಾ ಇದೇ ಕೆಲಸ. ಮೊದಲು ಹಿಂದಿನ ಸೀಟಿನ ಒರಗೂ ಕೂರೋ ಕುಶನ್ನೂ ಸೇರೋ ಸಂದಿ ಇದ್ಯಲ್ಲ, ಅಲ್ಲಿ ಬೆರಳು ತೂರಿಸಿ ನೋಡಿ. ಪೆನ್ಸಿಲ್‌ಗಿಂತ ಚೂರು ಸಣ್ಣ ಕಬ್ಬಿಣದ ಕಂಬಿ, ಜಗ್ಗಿದ್ರೂ ಅಲ್ಲಾಡಲ್ಲ, ಒಂದು ಸೀಟಿಗೆ ಎರಡು, ಮಧ್ಯ ಗೇಣಿಗಿಂತ ಸ್ವಲ್ಪ ಜಾಸ್ತಿ, 28 ಸೆಂ.ಮೀ. ಅಂತರ. ಅದೇ ಐಸೋಫಿಕ್ಸ್. ಇದ್ರೆ ಅದೃಷ್ಟ, ಮಗು ಸೀಟಿನ ಕೊಕ್ಕೆ ಅದಕ್ಕೆ ಕಟಕ್ ಅಂತ ಕೂರುತ್ತೆ, ಬಣ್ಣದ ಗುರುತು ಹಸಿರಾಗುತ್ತೆ, ಆಮೇಲೆ ಮೇಲಿನ ಟಾಪ್ ಟೆದರ್ ಪಟ್ಟಿ ಹಿಂದೆ ಕೊಕ್ಕೆಗೆ ಹಾಕಬೇಕು, ಇಲ್ಲಾಂದ್ರೆ ಕೆಲವು ಸೀಟಿಗೆ ಕಾಲಿರುತ್ತೆ, ನೆಲಕ್ಕೆ ಊರೋದು. ಟೆದರ್ ಹಾಕೋ ಜಾಗ ಅಂತ ಡಿಕ್ಕಿಲಿ ಲಗೇಜ್ ಕಟ್ಟೋ ಬಳೆಗೆ ಸಿಕ್ಕಿಸಿ ಬಂದಿರ್ತಾರೆ ಜನ, ಅದು ಕಿತ್ತು ಬರುತ್ತೆ, ಮ್ಯಾನ್ಯುಯಲ್ ನೋಡಿ.

ಕಂಬಿ ಇಲ್ವಾ, ತಲೆ ಕೆಡಿಸ್ಕೋಬೇಡಿ, ಕಾರಿನ ಮೂರು ಪಾಯಿಂಟ್ ಬೆಲ್ಟಲ್ಲೇ ಕಟ್ಟೋ ಸೀಟುಗಳಿವೆ. ಸರಿಯಾಗಿ ಕಟ್ಟಿದ್ರೆ ಅದೂ ಗಟ್ಟಿನೇ, ತಪ್ಪು ಕಟ್ಟೋ ಚಾನ್ಸ್ ಜಾಸ್ತಿ ಅಷ್ಟೇ. ಸೀಟಿನ ಮೈ ಮೇಲೆ ಬೆಲ್ಟ್ ಹೋಗೋ ದಾರಿಗೆ ಬಣ್ಣ ಹಾಕಿರ್ತಾರೆ, ಹೆಚ್ಚಾಗಿ ನೀಲಿ ಅಂದ್ರೆ ಮಗು ಹಿಂದಕ್ಕೆ ಮುಖ ಮಾಡಿದಾಗ, ಕೆಂಪು ಅಂದ್ರೆ ಮುಂದಕ್ಕೆ. ನಿಮ್ಮ ಮೊಣಕಾಲು ಸೀಟಲ್ಲಿ ಊರಿ, ಮೈ ಭಾರ ಬಿಟ್ಟು, ಬೆಲ್ಟ್ ಎಳೆದು ಬಿಗಿ ಮಾಡಿ. ಆಮೇಲೆ ಬೆಲ್ಟ್ ಹೋಗಿರೋ ಜಾಗದಲ್ಲೇ ಹಿಡಿದು ಅಲ್ಲಾಡಿಸಿ, ಒಂದು ಇಂಚಿಗಿಂತ ಜಾಸ್ತಿ ಆಡಬಾರದು. ತಲೆ ಹತ್ರ ಹಿಡಿದು ಅಲ್ಲಾಡಿಸಿ "ಲೂಸಣ್ಣಾ" ಅಂತಾರೆ, ಅಲ್ಲಿ ಆಡೇ ಆಡುತ್ತೆ, ವಿಶೇಷವಾಗಿ ಹಿಂದಕ್ಕೆ ಮುಖ ಮಾಡೋ ಸೀಟು.

ತಗೊಳೋವಾಗ ಸೇಫ್ಟಿ ಸ್ಟ್ಯಾಂಡರ್ಡ್ ಸ್ಟಿಕರ್ ನೋಡಿ. ನಮ್ಮ ದೇಶದ್ದು ಎಐಎಸ್ 072, ಯುರೋಪಿಂದು ಆರ್ 44 ಅಥವಾ ಹೊಸದು ಆರ್ 129. ಆರ್ 44ರದ್ದು ಕಿತ್ತಳೆ ಬಣ್ಣದ ಚೀಟಿ, ವೃತ್ತದೊಳಗೆ 'ಇ' ಅಕ್ಷರ ಪಕ್ಕದಲ್ಲಿ ನಂಬರ್. ಅದು ಮಗು ತೂಕದ ಮೇಲೆ, 13 ಕೆಜಿವರೆಗೆ, 9ರಿಂದ 18, ಹೀಗೆ. 129ರದ್ದು ಎತ್ತರದ ಮೇಲೆ, ಅದರಲ್ಲಿ ಪಕ್ಕದಿಂದ ಗುದ್ದೋ ಟೆಸ್ಟೂ ಮಾಡಿರ್ತಾರೆ. ಚೀಟಿನೇ ಇಲ್ಲ ಅಂದ್ರೆ ಅದು ಕಾರ್ ಸೀಟಲ್ಲ, ಕುರ್ಚಿ.

ಧಾರವಾಡ ಪೇಡೆ
ಸೀನಣ್ಣ, ಆನ್‌ಲೈನ್‌ನ್ಯಾಗ ಎಂಟುನೂರು ರೂಪಾಯಿಗೆ ಒಂದು ಅರಿವಿ ಸೀಟ್ ಬರ್ತದಲ್ರೀ, ಹೆಡ್‌ರೆಸ್ಟಿಗೆ ಕಟ್ಟೋದು, ಮಡಚಿ ಚೀಲದಾಗ ಇಟ್ಕೋಬಹುದು ಅಂತ. ನಮ್ಮ ಮೈದುನ ತಂದಾನ. ಅದು ಹೆಂಗ?

ಸ್ಪ್ಯಾನರ್ ಸೀನ
ಅಕ್ಕ, ಅದರ ಬಕಲ್ ಹಿಡಿದು ನೋಡಿ, ಸ್ಕೂಲ್ ಬ್ಯಾಗಿಂದು ಇರುತ್ತಲ್ಲ ಅದೇ. ಆ ಹೊಲಿಗೆ ಮೇಲೆ ಮೇಷ್ಟ್ರ ಮೂರೂವರೆ ಮೂಟೆ ಹೇರಿ. ಇಷ್ಟೇ ಹೇಳೋದು.

ರೂಲ್ ಬುಕ್
ಕಾನೂನು ಯಾರೂ ಹೇಳ್ಲಿಲ್ಲ. 2019ರ ತಿದ್ದುಪಡಿಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಸೇರಿತು. 14 ವರ್ಷದೊಳಗಿನ ಮಗೂಗೆ ಸೀಟ್ ಬೆಲ್ಟ್ ಅಥವಾ ಚೈಲ್ಡ್ ರೆಸ್ಟ್ರೆಂಟ್ (ಇದೇ ಮಕ್ಕಳ ಸೀಟ್ ಥರದ್ದು) ಇಲ್ದೆ ಗಾಡಿ ಓಡಿಸಿದ್ರೆ 1000 ರೂ. ದಂಡ. ಅಂದ್ರೆ ಅಜ್ಜಿ ತೊಡೆ ಕಾನೂನಿನ ಲೆಕ್ಕದಲ್ಲಿ ಯಾವುದೂ ಅಲ್ಲ. ಹಿಡೀತಾರಾ ಅಂದ್ರೆ, ನನ್ನನ್ನ ಇವತ್ತಿನವರೆಗೆ ಯಾವ ಸಿಗ್ನಲ್‌ನಲ್ಲೂ ಯಾರೂ ಕೇಳಿಲ್ಲ. ಬೈಕಲ್ಲೂ ಇದೆ, 4 ವರ್ಷದೊಳಗಿನ ಮಗೂಗೆ ಓಡಿಸೋರ ಜೊತೆ ಕಟ್ಟೋ ಪಟ್ಟಿ (ಸೇಫ್ಟಿ ಹಾರ್ನೆಸ್), 9 ತಿಂಗಳು ದಾಟಿದ್ರೆ ಹೆಲ್ಮೆಟ್, ವೇಗ 40 ಮೀರಬಾರದು, 2023ರ ಫೆಬ್ರವರಿಯಿಂದ ಜಾರಿ. ಟ್ಯಾಂಕ್ ಮೇಲೆ ಮಗೂನ ಕೂರಿಸ್ಕೊಂಡು ಹೋಗೋರನ್ನ ದಿನಾ ನೋಡ್ತೀವಿ.

ಎಡಿಸನ್ ಕನ್ನಡತಿ
ನ್ಯೂಜೆರ್ಸಿಯಿಂದ. ಇಲ್ಲಿ ಹೆರಿಗೆ ಆಗಿ ಡಿಸ್ಚಾರ್ಜ್ ದಿನ ನರ್ಸ್ ಕೇಳಿದ ಮೊದಲ ಪ್ರಶ್ನೆ "ಕಾರ್ ಸೀಟ್ ತಂದಿದೀರಾ" ಅಂತ, ಅದು ಕಣ್ಣಲ್ಲಿ ಕಾಣೋವರೆಗೂ ಕಳಿಸೋ ಲಕ್ಷಣ ಇರ್ಲಿಲ್ಲ. ನಮ್ಮ ಅತ್ತೆ ಬಾಣಂತನಕ್ಕೆ ಬಂದಿದ್ರು, ಎರಡು ದಿನದ ಕೂಸನ್ನ ಆ ಬುಟ್ಟಿಲಿ ಹಾಕಿ ಬಿಗಿದಿದ್ದು ನೋಡಿ ಕಣ್ಣೀರು ಹಾಕಿದ್ರು.

ಆದ್ರೆ ಇಲ್ಲಿನೋರು ಹುಟ್ಟಾ ಬುದ್ಧಿವಂತರು ಅಂತ ಯಾರೂ ತಿಳ್ಕೋಬೇಡಿ. ಅಮೆರಿಕದಲ್ಲಿ ಮೊದಲು ಇದಕ್ಕೆ ಕಾನೂನು ಮಾಡಿದ್ದು ಟೆನೆಸ್ಸಿ ರಾಜ್ಯ, ರಾಬರ್ಟ್ ಸ್ಯಾಂಡರ್ಸ್ ಅನ್ನೋ ಮಕ್ಕಳ ಡಾಕ್ಟ್ರು ಹಠ ಹಿಡಿದು ಮಾಡಿಸಿದ್ದು, 1978ರ ಜನವರಿಯಿಂದ ಜಾರಿಗೆ ಬಂತು. ಅದರಲ್ಲೂ ಶಾಸಕರು ಒಂದು ತೂತು ಬಿಟ್ಟಿದ್ರು, ದೊಡ್ಡೋರು ಕೈಯಲ್ಲಿ ಎತ್ಕೊಂಡಿದ್ರೆ ಪರವಾಗಿಲ್ಲ ಅಂತ. ಅದೇ ಅಜ್ಜಿ ತೊಡೆ! ಡಾಕ್ಟ್ರು ಅದನ್ನ ಮಗು ಅಪ್ಪಚ್ಚಿ ಮಾಡೋ ನಿಯಮ ಅಂತ ಕರೀತಿದ್ರು, ಯಾಕಂದ್ರೆ ಎತ್ಕೊಂಡಿರೋ ದೊಡ್ಡೋರ ಭಾರಾನೂ ಡ್ಯಾಶ್‌ಬೋರ್ಡಿಗೂ ಅವರಿಗೂ ಮಧ್ಯ ಇರೋ ಮಗು ಮೇಲೇ ಬೀಳುತ್ತೆ. 1981ರಲ್ಲಿ ಆ ವಿನಾಯ್ತಿ ತೆಗೆಸಿದ್ರು. ಸ್ವೀಡನ್‌ನಲ್ಲಿ ಅದಕ್ಕೂ ಮುಂಚೆ, ಅರವತ್ತರ ದಶಕದಲ್ಲೇ, ಬರ್ಟಿಲ್ ಆಲ್ಡ್‌ಮನ್ ಅನ್ನೋರು ಅಮೆರಿಕದ ಜೆಮಿನಿ ನೌಕೆಯ ಗಗನಯಾತ್ರಿಗಳು ಬೆನ್ನು ಕೊಟ್ಟು ಮಲಗಿರೋದು ನೋಡಿ, ಮಕ್ಕಳಿಗೂ ಹೀಗೇ ಮಾಡಬಹುದಲ್ಲ ಅಂತ ಹಿಂದಕ್ಕೆ ಮುಖ ಮಾಡೋ ಸೀಟ್ ಮಾಡಿದ್ರು. ನಿಮ್ಮಮ್ಮಂಗೆ ಹೇಳಿ, ಕರು ಥರ ಅಲ್ಲ, ರಾಕೆಟ್‌ನಲ್ಲಿ ಹೋಗೋರ ಥರ ಕೂರಿಸೋದು ಅಂತ.

ಇಲ್ಲಿಂದ ಊರಿಗೆ ಸೀಟ್ ತರೋರಿಗೆ ಒಂದು ಮಾತು. ಅಮೆರಿಕದ ಕಾರುಗಳಲ್ಲಿ ಹಿಂದಿನ ಬೆಲ್ಟನ್ನ ಪೂರ್ತಿ ಎಳೆದು ಬಿಟ್ರೆ ಅಲ್ಲೇ ಲಾಕ್ ಆಗುತ್ತೆ, ನಮ್ಮೂರಿನ ಕಾರುಗಳಲ್ಲಿ ಸಾಮಾನ್ಯವಾಗಿ ಹಾಗಿಲ್ಲ, ಜೋರಾಗಿ ಜಗ್ಗಿದಾಗ ಮಾತ್ರ ಹಿಡಿಯೋದು. ಕಳೆದ ವರ್ಷ ಮೈಸೂರಲ್ಲಿ ಇಲ್ಲಿಂದ ಹೊತ್ತು ತಂದ ಸೀಟ್ ಕಟ್ಟಿದೆ, ಮೊದಲ ತಿರುವಲ್ಲೇ ವಾಲಿತು. ಸೀಟಲ್ಲೇ ಬೆಲ್ಟ್ ಹಿಡಿಯೋ ಕ್ಲ್ಯಾಂಪ್ ಇದ್ಯಾ ನೋಡಿ, ಇಲ್ಲಾಂದ್ರೆ ಲಾಕಿಂಗ್ ಕ್ಲಿಪ್ ಅಂತ ಒಂದು ಲೋಹದ ತುಂಡು ಬರುತ್ತೆ, ಅದನ್ನ ಬ್ಯಾಗಲ್ಲಿ ಹಾಕ್ಕೊಳ್ಳಿ.

ಕೆಂಪು ಅಂಬಾಸಿಡರ್
ಅಮೆರಿಕ ಸ್ವೀಡನ್ ಎಲ್ಲ ಆಯ್ತು. ಕಾರೇ ಇಲ್ದೋರು ಏನ್ಮಾಡ್ಬೇಕು? ಓಲಾದಲ್ಲಿ ಆಸ್ಪತ್ರೆಗೆ ಹೋಗೋ ಬಾಣಂತಿ ಸೀಟ್ ಹೊತ್ಕೊಂಡು ಓಡಾಡ್ತಾಳಾ? ಆಟೋದಲ್ಲಿ?

ನೈಟ್ ಡ್ಯೂಟಿ ಸಿಸ್ಟರ್
ಈ ಪ್ರಶ್ನೆ ಸರಿಯಾದ್ದು ಸರ್, ಇದಕ್ಕೆ ನನ್ನ ಹತ್ರ ಚೆಂದದ ಉತ್ತರ ಇಲ್ಲ. ಆಟೋಗೆ ಏನೂ ಇಲ್ಲ, ನಿಧಾನ ಹೋಗಪ್ಪ ಅನ್ನೋದೊಂದೇ. ಟ್ಯಾಕ್ಸಿಲಿ, ಮುಂದೆ ಮಾತ್ರ ಕೂರಬೇಡಿ, ಏರ್‌ಬ್ಯಾಗ್ ಗಂಟೆಗೆ 300 ಕಿ.ಮೀ. ಹತ್ತಿರದ ವೇಗದಲ್ಲಿ ಬಿಚ್ಚಿಕೊಳ್ಳುತ್ತೆ, ಎದೆಗೆ ಅಪ್ಪಿದ್ದ ಮಗೂಗೆ ಅದೇ ಸುತ್ತಿಗೆ. ಹಿಂದೆ ಕೂತು ತಾಯಿ ತಾನು ಬೆಲ್ಟ್ ಹಾಕ್ಕೊಳ್ಳಿ, ಆದ್ರೆ ಒಂದೇ ಬೆಲ್ಟೊಳಗೆ ಇಬ್ರೂ ಅಂತ ಮಗೂನ ಸೇರಿಸಿ ಹಾಕಬೇಡಿ, ತಾಯಿ ಭಾರಕ್ಕೆ ಮಗು ಬೆಲ್ಟಿಗೆ ಸಿಕ್ಕಿ ಹಿಂಡಿ ಹೋಗುತ್ತೆ. ಇಷ್ಟು ಮಾಡಿದ್ರೂ ಮಗು ಸೇಫ್ ಅಲ್ಲ, ಸ್ವಲ್ಪ ಕಮ್ಮಿ ಅಪಾಯ ಅಷ್ಟೇ. ಬುಟ್ಟಿ ಥರ ಸೀಟ್ ಇರೋರು ಟ್ಯಾಕ್ಸಿಗೂ ಒಯ್ಯಬಹುದು, ಬೆಲ್ಟಲ್ಲಿ ಎರಡು ನಿಮಿಷದಲ್ಲಿ ಕಟ್ಟಬಹುದು. ಡ್ರೈವರ್ ಗೊಣಗ್ತಾನೆ, ಗೊಣಗಲಿ.

ಕುಡ್ಲದ ಬಂಗುಡೆ
ನಮ್ಮದು ದೊಡ್ಡ ಮಗಳ ಸಮಸ್ಯೆ ಮಾರಾಯ್ರೆ. ಆರು ವರ್ಷ, ಬೆಲ್ಟ್ ಕುತ್ತಿಗೆಗೆ ಉಜ್ಜುತ್ತದೆ ಅಂತ ಕಂಕುಳ ಕೆಳಗೆ ಹಾಕಿಕೊಳ್ಳುತ್ತಾಳೆ. ಅಡಿಗೆ ತಲೆದಿಂಬು ಇಟ್ಟು ನೋಡಿದೆ, ಚಾರ್ಮಾಡಿ ಇಳಿಯುವಾಗ ದಿಂಬು ಒಂದು ಕಡೆ, ಅವಳು ಒಂದು ಕಡೆ. ಮತ್ತೊಂದು ಉಂಟು, ಹೊಸ ಗಾಡಿಗೆ ಸನ್‌ರೂಫ್ ಉಂಟಲ್ಲ, ನಮ್ಮ ಭಾವನವರು ಮಕ್ಕಳನ್ನು ಅದರಲ್ಲಿ ನಿಲ್ಲಿಸಿ ವಿಡಿಯೋ ಮಾಡುವುದು. ಹೇಳಿದ್ರೆ ನಾನು ಹೆದರುಪುಕ್ಕ ಅಂತೆ.

ಸ್ಪ್ಯಾನರ್ ಸೀನ
ಬೂಸ್ಟರ್ ತಗೊಳ್ಳಿ ಅಕ್ಕ, ಮಗೂನ ಎತ್ತರಿಸಿ ಕೂರಿಸೋ ಸೀಟು, ಒರಗು ಇರೋದು. ದಿಂಬು ಮೆತ್ತಗೆ ಒತ್ತಿ ಹೋಗುತ್ತೆ, ಮಗು ಬೆಲ್ಟ್ ಕೆಳಗೆ ನುಸುಳಿಬಿಡುತ್ತೆ. ಬೂಸ್ಟರ್ ಗಟ್ಟಿ, ಸೊಂಟದ ಬೆಲ್ಟನ್ನ ತೊಡೆ ಮೇಲೇ ಹಿಡಿದಿಡೋ ಕೊಂಬಿರುತ್ತೆ, ಭುಜದ ಬೆಲ್ಟಿಗೆ ಮೇಲೆ ದಾರಿ ಇರುತ್ತೆ. ಕಂಕುಳ ಕೆಳಗೆ ಹಾಕ್ಕೊಂಡ್ರೆ ಪಕ್ಕೆಲುಬಿಗೆ ಗ್ಯಾರಂಟಿ. ಯಾವಾಗ ಬಿಡಬಹುದು ಅಂದ್ರೆ, ವಯಸ್ಸಲ್ಲ, ಬೆನ್ನು ಪೂರ್ತಿ ಒರಗಿಗೆ ತಾಗಿ ಕೂತಾಗ ಮೊಣಕಾಲು ಸೀಟಿನ ಅಂಚಲ್ಲಿ ಮಡಚಬೇಕು, ಬೆಲ್ಟ್ ತೊಡೆ ಮೇಲೂ ಭುಜದ ಮಧ್ಯಾನೂ ಬರಬೇಕು, ನಿದ್ದೆ ಬಂದಾಗ್ಲೂ ಹಾಗೇ ಇರಬೇಕು. ಇಂಗ್ಲೆಂಡಲ್ಲಿ 135 ಸೆಂ.ಮೀ. ಅಥವಾ 12 ವರ್ಷ, ಜರ್ಮನಿಲಿ 150 ಅಂತ ರೂಲ್ಸೇ ಇದೆ. ನಿಮ್ಮ ಮಗಳಿಗೆ ಇನ್ನೂ ನಾಲ್ಕೈದು ವರ್ಷ ಬೇಕಾಗಬಹುದು.

ಸನ್‌ರೂಫ್ ಬಗ್ಗೆ, ನಿಮ್ಮ ಭಾವನವರ ನಂಬರ್ ಕೊಡಿ ಬೈತೀನಿ.

ಗುಬ್ಬಿಮರಿ ಅಪ್ಪ
ಅಂಗಡಿಗೆ ಹೋಗಿದ್ದೆ. ಹುಡುಗ ಹೇಳ್ತಾನೆ, 9 ಕೆಜಿ ಆಯ್ತಲ್ಲ ಸಾರ್ ಮುಂದಕ್ಕೇ ತಿರುಗಿಸಿ, ಮಗು ರೋಡ್ ನೋಡ್ಕೊಂಡು ಖುಷಿಯಾಗಿರುತ್ತೆ ಅಂತ. ಮತ್ತೆ, ನಮ್ಮ ಮುಂದಿನ ಗಾಡಿ ಫೈವ್ ಸ್ಟಾರ್ ತಗೊಂಡ್ರೆ ಈ ತಲೆನೋವು ಕಮ್ಮಿಯಾಗುತ್ತಾ?

ಸ್ಪ್ಯಾನರ್ ಸೀನ
ಹಳೇ ಆರ್ 44 ನಿಯಮದ ಪ್ರಕಾರ ಅವನು ಹೇಳಿದ್ದು ತಪ್ಪಲ್ಲ, 9 ಕೆಜಿಗೆ ತಿರುಗಿಸಬಹುದು. ಹೊಸ ಆರ್ 129 ಏನು ಹೇಳುತ್ತೆ ಅಂದ್ರೆ 15 ತಿಂಗಳಾಗೋವರೆಗೂ ತಿರುಗಿಸಲೇಬಾರದು, ಆಮೇಲೂ ಆದಷ್ಟು ದಿನ ಹಿಂದಕ್ಕೇ ಇರಲಿ. ಕಾಲು ಮಡಚಿರುತ್ತೆ ಪಾಪ ಅನ್ನಬೇಡಿ, ಮಕ್ಕಳು ಚಕ್ಕಳಮಕ್ಕಳ ಹಾಕಿ ಆರಾಮಾಗಿ ಕೂರ್ತವೆ. 18 ಕೆಜಿವರೆಗೆ ಹಿಂದಕ್ಕೆ ಹಾಕಬಹುದಾದ್ದು ಸಿಕ್ಕಿದ್ರೆ ಎರಡು ಸಾವಿರ ಜಾಸ್ತಿಯಾದ್ರೂ ಅದನ್ನೇ ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಬೇಡ, ಪರಿಚಯದೋರದ್ದು, ಗುದ್ದಿಲ್ಲ ಅಂತ ಗ್ಯಾರಂಟಿ ಇದ್ರೆ ಮಾತ್ರ. ಒಳಗಿನ ಪ್ಲಾಸ್ಟಿಕ್ ಬಿರುಕು ಕಣ್ಣಿಗೆ ಕಾಣಲ್ಲ, ತಳದಲ್ಲಿ ತಯಾರಾದ ತಾರೀಖು ಇರುತ್ತೆ, ನಮ್ಮ ಬಿಸಿಲಿಗೆ ವರ್ಷಗಟ್ಟಲೆ ಬೆಂದಿದ್ದು ತರಬೇಡಿ.

ಸ್ಟಾರ್ ವಿಷ್ಯ. ಕಾರು ಗುದ್ದಿಸಿ ನೋಡಿ ಸ್ಟಾರ್ ಕೊಡೋ ನಮ್ಮ ದೇಶದ ಟೆಸ್ಟ್, ಭಾರತ್ ಎನ್‌ಕ್ಯಾಪ್, 2023ರ ಅಕ್ಟೋಬರ್‌ನಿಂದ ಇದೆ, ಅದರಲ್ಲಿ ದೊಡ್ಡೋರಿಗೆ ಬೇರೆ ಮಾರ್ಕ್ಸು, ಮಕ್ಕಳಿಗೆ ಬೇರೆ, 49ಕ್ಕೆ ಎಷ್ಟು ಬಂತು ಅಂತ. ಶೋರೂಮಲ್ಲಿ ಒಂದನ್ನೇ ಕೂಗ್ತಾರೆ, ಎರಡನೇದನ್ನ ನೀವು ಕೇಳಿ. ಮತ್ತೆ ಆ ಟೆಸ್ಟಲ್ಲಿ ಒಂದೂವರೆ ವರ್ಷದ್ದು, ಮೂರು ವರ್ಷದ್ದು ಎರಡು ಮಕ್ಕಳ ಬೊಂಬೆ ಇರುತ್ತೆ, ಎರಡನ್ನೂ ಚೈಲ್ಡ್ ಸೀಟಲ್ಲೇ ಕಟ್ಟಿ ಗುದ್ದಿಸೋದು. ಅಜ್ಜಿ ಬೊಂಬೆ ಮಾಡಿ ಅದರ ತೊಡೆ ಮೇಲೆ ಇಡಲ್ಲ.

ಧಾರವಾಡ ಪೇಡೆ
ತಮ್ಮಾ, ಸೀಟ್ ತಂದ ದಿನಾನ ಕಾರಿನ್ಯಾಗ ಹಾಕಬ್ಯಾಡ. ನಮ್ಮ ಹುಡುಗಗ ನಾವು ಹಂಗ ಮಾಡಿ ಕೆಟ್ಟೀವಿ, ಹುಬ್ಬಳ್ಳಿಯಿಂದ ಬೆಳಗಾವಿ ತನಕ ಬಾಯಿ ಮುಚ್ಚಲಿಲ್ಲ ಅಂವ, ಕಿತ್ತೂರು ದಾಟೂದ್ರಾಗ ಮಾವನೋರು "ಬಿಚ್ಚವಾ, ಸಾಯ್ತದ ಕೂಸು" ಅಂತ ತಾವ ಬಿಚ್ಚಿ ಎತ್ಕೊಂಡ್ರು. ಆತಲ್ಲ, ಅಳತೀನಿ ಅಂದ್ರ ಬಿಚ್ಚತಾರ ಅಂತ ಅಂವಗ ತಿಳೀತು, ಮುಂದ ಒಂದು ತಿಂಗಳು ಅದ ಹಾಡು. ಎರಡನೇದಕ್ಕ ಶಾಣ್ಯಾ ಆದ್ವಿ. ಸೀಟ್ ಪಡಸಾಲ್ಯಾಗ ಒಂದು ವಾರ ಇಟ್ಟು, ಅದರಾಗ ಕುಂದ್ರಿಸಿ ಆಟ ಆಡಿಸೀವಿ, ಆಮ್ಯಾಲ ಗಿರಣಿ ತನಕ, ಆಮ್ಯಾಲ ಗುಡಿ ತನಕ. ಹಾಲು ಕುಡಿಸೂದಿದ್ರ ಗಾಡಿ ನಿಲ್ಲಸ್ರಿ, ಕುಡಸ್ರಿ, ಮತ್ತ ಕಟ್ರಿ. ಎರಡು ತಾಸಿಗೊಮ್ಮೆ ಹೆಂಗೂ ಇಳಿಸಿ ಬೆನ್ನು ನೆಟ್ಟಗ ಮಾಡಸ್ರಿ. ಓಡೂ ಗಾಡ್ಯಾಗ ಬಿಸ್ಕೀಟು ಕಡ್ಲಿ ಕೊಡಬ್ಯಾಡ್ರಿ, ಗಂಟಲದಾಗ ಸಿಗಬಿದ್ರ ನೋಡಾಕ ಯಾರೂ ಇರಂಗಿಲ್ಲ. ಬ್ಯಾಸಗ್ಯಾಗ ಗಾಡಿ ಬಿಸಿಲಿಗೆ ನಿಲ್ಲಿಸಿದ್ರ ಆ ಬಕಲ್ ದ್ವಾಸಿ ಹಂಚಿನಂಗ ಕಾಯ್ತದ, ಮ್ಯಾಲ ಒಂದು ಬಿಳಿ ಪಂಜೆ ಮುಚ್ಚಿ ಹೋಗ್ರಿ.

ಗುಬ್ಬಿಮರಿ ಅಪ್ಪ
ಅಪ್‌ಡೇಟ್. ಸೀಟ್ ಬಂತು. ಸಂದಿಲಿ ಬೆರಳು ಹಾಕಿದ್ರೆ ಕಂಬಿ ಇಲ್ಲ, ಎರಡು ವರ್ಷದ ಹಿಂದಿನ ಶೇಂಗಾ ಸಿಕ್ತು. ಬೆಲ್ಟಲ್ಲಿ ಕಟ್ಟಿದೀನಿ, ಹಿಂದಿನ ಎಡಗಡೆ ಸೀಟಲ್ಲಿ, ಹಿಂದಕ್ಕೆ ಮುಖ. ಹೆಂಡ್ತಿ ಮೊಣಕಾಲು ಊರಿದ್ಳು, ನಾನು ಎಳೆದೆ, ಇಬ್ರೂ ಬೆವತು ನೀರಾದ್ವಿ. ಫೋಟೋ ಹಾಕಿದೀನಿ, ತಪ್ಪಿದ್ರೆ ಹೇಳಿ.

ನೈಟ್ ಡ್ಯೂಟಿ ಸಿಸ್ಟರ್
ಸೀಟ್ ಕಟ್ಟಿದ್ದು ಚೆನ್ನಾಗಿದೆ. ಮಗು ಪಟ್ಟಿ ನೋಡಿ, ಬಲಗಡೆದು ಒಂದು ಸುತ್ತು ತಿರುಚಿದೆ, ಬಿಡಿಸಿ. ಹಿಂದಕ್ಕೆ ಮುಖ ಇರೋವಾಗ ಪಟ್ಟಿ ಹೊರಬರೋ ತೂತು ಭುಜದ ಮಟ್ಟ ಅಥವಾ ಚೂರು ಕೆಳಗೆ ಇರಬೇಕು, ನಿಮ್ಮದು ಕಿವಿ ಹತ್ರ ಇದೆ, ಒಂದು ಮೆಟ್ಟಿಲು ಇಳಿಸಿ. ಭುಜದ ಹತ್ರ ಪಟ್ಟಿನ ಎರಡು ಬೆರಳಲ್ಲಿ ಚಿವುಟಿ ನೋಡಿ, ಮಡಿಕೆ ಸಿಕ್ಕಿದ್ರೆ ಸಡಿಲ ಅಂತ ಅರ್ಥ. ಆ ಉಲ್ಲನ್ ಸ್ವೆಟರ್ ತೆಗೀರಿ, ದಪ್ಪ ಬಟ್ಟೆ ಒಳಗೆ ಗಾಳಿ ಇರುತ್ತೆ, ಗುದ್ದಿದಾಗ ಅದು ಒತ್ತಿ ಹೋಗಿ ಪಟ್ಟಿ ಸಡಿಲ ಆಗುತ್ತೆ, ಚಳಿ ಅಂದ್ರೆ ಪಟ್ಟಿ ಹಾಕಿದ ಮೇಲೆ ಶಾಲು ಹೊದಿಸಿ. ಗದ್ದ ಎದೆಗೆ ತಾಗದ ಹಾಗೆ ಒರಗಿರಲಿ.

ಮತ್ತೆ ದೇವ್ರು ದೊಡ್ಡೋನು, ಆದ್ರೂ ಹೇಳಿಬಿಡ್ತೀನಿ. ಎಲ್ಲಾದ್ರೂ ಗುದ್ದಿದ್ರೆ, ಮಗು ಉಸಿರಾಡ್ತಿದ್ದು ಗಾಡಿಗೆ ಬೆಂಕಿ ಗಿಂಕಿ ಇಲ್ಲಾಂದ್ರೆ ಗಾಬರಿಲಿ ಸೀಟಿಂದ ಎಳೆದು ತೆಗೀಬೇಡಿ, ಕತ್ತಿಗೆ ಪೆಟ್ಟಾಗಿರಬಹುದು. 108ಕ್ಕೆ ಮಾಡಿ, ನ್ಯಾಷನಲ್ ಹೈವೇ ಆದ್ರೆ 1033 ಕೂಡ ಇದೆ. ಜೋರಾಗಿ ಗುದ್ದಿದ ಸೀಟ್ ಮತ್ತೆ ಬಳಸಬೇಡಿ.

ರೂಲ್ ಬುಕ್
ತಾಯಿಯವರಿಗೂ ಬೆಲ್ಟ್ ಹಾಕಿಸಿ. 2022ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ನೆನಪಿರಬೇಕು, ಹಿಂದೆ ಬೆಲ್ಟ್ ಇಲ್ದೆ ಕೂತಿದ್ದ ಇಬ್ಬರು ಹೋದ್ರು, ಮುಂದಿನ ಇಬ್ಬರು ಉಳಿದ್ರು. ಮಗು ಪಕ್ಕ ಬೆಲ್ಟ್ ಇಲ್ದೆ ಕೂತ ದೊಡ್ಡೋರು ಮಗು ಮೇಲೇ ಬಂದು ಬೀಳ್ತಾರೆ.

ಕೆಂಪು ಅಂಬಾಸಿಡರ್
ಮೂರು ದಿನದಿಂದ ಓದ್ತಾ ಇದೀನಿ. ಒಂದು ವಿಷ್ಯ. ಆ ಧರ್ಮಸ್ಥಳದ ಟ್ರಿಪ್ಪಲ್ಲಿ ಸಕಲೇಶಪುರ ದಾಟಿ ಎಮ್ಮೆ ಅಡ್ಡ ಬಂದು ಡ್ರೈವರ್ ಬ್ರೇಕ್ ಹಾಕಿದಾಗ ನನ್ನ ತಂಗಿ ಮುಂದಕ್ಕೆ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದು ಮುಂದಿನ ಎರಡು ಹಲ್ಲು ಹೋಗಿತ್ತು. ನಾವು ಅದನ್ನ ಪ್ರತಿ ಮದುವೆ ಮನೇಲೂ ಹೇಳಿ ನಗ್ತೀವಿ. ಅವಳೂ ನಗ್ತಾಳೆ. ನಿನ್ನೆ ಫೋನ್ ಮಾಡಿ ಕೇಳಿದೆ, ಆವಾಗ ನಿಂಗೆ ಎಷ್ಟು ವಯಸ್ಸು ಅಂತ. "ನಾಲ್ಕು, ಯಾಕೆ?" ಅಂದ್ಲು. ಸುಮ್ನೆ ಅಂದೆ.

ಮೊಮ್ಮಗನಿಗೆ ಮೂರು ವರ್ಷ, 14 ಕೆಜಿ. ಸೀನ, ಯಾವುದು ತಗೋಬೇಕು ಅಂತ ಒಂದು ಮೆಸೇಜ್ ಹಾಕಪ್ಪ.

ಗುಬ್ಬಿಮರಿ ಅಪ್ಪ
ನಾಳೆ ಬೆಳಿಗ್ಗೆ ತಿಪಟೂರಿಂದ ವಾಪಸ್ ಹೊರಡ್ತಿದೀವಿ. ಬರೋವಾಗ ಹೇಗಾಯ್ತು ಅಂತ ಬರೀಲೇ ಇಲ್ಲ. ನೆಲಮಂಗಲದವರೆಗೆ ಅಳು, ದಾಬಸ್‌ಪೇಟೆಲಿ ನಿಲ್ಲಿಸಿ ಹಾಲು, ತುಮಕೂರಿಗೆ ನಿದ್ದೆ. ಅಮ್ಮ ಪಕ್ಕದಲ್ಲಿ ಬೆಲ್ಟ್ ಹಾಕ್ಕೊಂಡು ಕೂತಿದ್ರು, ದಾರಿಯುದ್ದಕ್ಕೂ ಮಗಳ ಒಂದು ಪಾದ ಹಿಡ್ಕೊಂಡೇ ಇದ್ರು. ಗುಬ್ಬಿ ದಾಟಿ ಅದೇ ಮಣ್ಣು ರಸ್ತೆ ಹತ್ರ ಬಂದಾಗ ಮಾತ್ರ ಇನ್ನೊಂದು ಕೈಲಿ ಸೀಟಿನ ಅಂಚನ್ನೂ ಹಿಡಿದ್ರು, ಕನ್ನಡಿಲಿ ಕಾಣಿಸ್ತು. ಅಪ್ಪ ಇನ್ನೂ ಹತ್ತು ಸಾವಿರದ ಲೆಕ್ಕ ಬಿಟ್ಟಿಲ್ಲ.

ಸ್ಪ್ಯಾನರ್ ಸೀನ
ಶಭಾಷ್. ತಿಪಟೂರಿಂದ ಬರೋರು ಖಾಲಿ ಕೈಲಿ ಬರಲ್ಲ, ಕಾಯಿ ಎಲ್ಲಿಟ್ಟಿದೀರಿ?

ಗುಬ್ಬಿಮರಿ ಅಪ್ಪ
ಮೂಟೆ ಡಿಕ್ಕಿಲಿ. ಹಿಡಿಸದೆ ಉಳಿದ ನಾಲ್ಕು ಹಿಂದಿನ ಗಾಜಿನ ಹತ್ರ ಪಾರ್ಸೆಲ್ ಟ್ರೇ ಮೇಲೆ.

ಚಾಕ್‌ಪೀಸ್ ಮೇಷ್ಟ್ರು
ಸುಲಿದ ಕಾಯಿ ಅರ್ಧ ಕೆಜಿ. ಇಂಟು 20. ನಿಮ್ಮ ಮಗಳ ಮುಖ ಯಾವ ಕಡೆಗಿದೆ ಅಂದ್ರಿ?

ಗುಬ್ಬಿಮರಿ ಅಪ್ಪ
ಅಯ್ಯೋ. ತಡೀರಿ ಇಳಿಸ್ತೀನಿ.

ಇಳಿಸಾಯ್ತು. ನಾನು ಟಾರ್ಚ್ ಹುಡುಕೋಷ್ಟರಲ್ಲಿ ಅಮ್ಮಾನೇ ಹೋಗಿ ನಾಲ್ಕೂ ತಂದು ಜಗಲಿ ಮೇಲಿಟ್ರು, ನಾಳೆ ಬೆಳಿಗ್ಗೆ ಚಟ್ನಿಗಾಗುತ್ತೆ ಅಂತ.